ಏಳು ದಿನದ ಕೀಲಿಕೈ

ರಾತ್ರಿ ಒಂದೂವರೆ ಗಂಟೆ. ಮೆಜೆಸ್ಟಿಕ್ಕಿನ ಬಸ್ಸುಗಳ ಗದ್ದಲ ಅಡಗಿ, ಗಾಂಧಿನಗರದ ಅಡ್ಡರಸ್ತೆಗಳಲ್ಲಿ ನಾಯಿಗಳ ದರ್ಬಾರು ಶುರುವಾಗಿತ್ತು. ಗೋಡೆಯೊಂದರ ಪಕ್ಕದಲ್ಲಿ ಟಿವಿಎಸ್ ಎಕ್ಸೆಲ್ ನಿಂತಿತ್ತು. ಕಾಲಿಡುವ ಜಾಗದಲ್ಲಿ ಬಕೆಟ್ಟು, ಅದರ ತುಂಬ ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು. ಇನ್ನೂ ಹಬೆಯಾಡುತ್ತಿತ್ತು. ಹಿಂದಿನ ಸೀಟಿಗೆ ಸೈಕಲ್ ಟ್ಯೂಬಿನಿಂದ ಬಿಗಿದ ಪೋಸ್ಟರುಗಳ ಕಟ್ಟು, ಹೆಗಲಿಗೆ ಆನಿಸಿದ ಸಣ್ಣ ಏಣಿ. ಅರ್ಧಕ್ಕೆ ಕತ್ತರಿಸಿದ ಪೊರಕೆಯೇ ಬ್ರಷ್ಷು.

ಪೋಸ್ಟರು ಅಂಟಿಸುವಾತ ಪೊರಕೆಯನ್ನು ಬಕೆಟ್ಟಿಗೆ ಅದ್ದಿ ಗೋಡೆಗೆ ಒಂದು ಸುತ್ತು ಬಳಿದ. ಹಾಳೆ ಬಿಡಿಸಿ ಅಂಟಿಸಿ, ಅದರ ಮೇಲೆ ಇನ್ನೊಂದು ಸುತ್ತು ಎಳೆದ. ಎರಡನೇ ಹಾಳೆ ತೆಗೆದವನು ತಿರುಗಿಸಿ ಮುರುಗಿಸಿ ನೋಡಿ, ಬೀದಿದೀಪದ ಕಡೆ ಹಿಡಿದು ಕೇಳಿದ:

“ಸಾರ್, ಇದು ಮೇಲಾ, ಕೆಳಗಾ?”

ನನ್ನ ಪಕ್ಕ ನಿಂತಿದ್ದ ಗೆಳೆಯನ ಮುಖ ಸಣ್ಣದಾಯಿತು. ಅವನ ಮೊದಲ ಸಿನಿಮಾ ಅದು. ಸಂಭಾಷಣೆ ನನ್ನದು. ಸಂಭಾವನೆ ಕೇಳಿರಲಿಲ್ಲ, ಕೇಳಿದ್ದರೆ ಸಿನಿಮಾವೇ ಆಗುತ್ತಿರಲಿಲ್ಲ. ಬಾವಿಯ ಹೂಳೆತ್ತುವ ಇಬ್ಬರು ಅಣ್ಣತಮ್ಮಂದಿರ ಕತೆ. ಪೋಸ್ಟರಿನಲ್ಲಿ ಇದ್ದದ್ದು ಮೇಲಿನಿಂದ ಕಂಡ ಬಾವಿ, ಒಳಗೆ ಇಳಿಬಿಟ್ಟ ಹಗ್ಗ, ತಳದಲ್ಲೊಂದು ಚೂರು ಆಕಾಶ. ವಿನ್ಯಾಸ ನೋಡಿದವರೆಲ್ಲ ಹೊಗಳಿದ್ದರು. ಅಂಟಿಸುವವನಿಗೆ ಮಾತ್ರ ದಿಕ್ಕು ತಿಳಿಯಲಿಲ್ಲ.

“ಹೀರೋ ಮುಖ ಇದ್ರೆ ಗೊತ್ತಾಗೋಗುತ್ತೆ ಸಾರ್,” ಎಂದು ಆತ ನಮ್ಮನ್ನೇ ಸಮಾಧಾನಪಡಿಸಿದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: “ಬೆಳಿಗ್ಗೆ ಆರಕ್ಕೆ ಬಂದು ಫೋಟೊ ತಕ್ಕೊಳಿ. ಆಮೇಲೆ ಇರೋದು ನನ್ನ ಕೈಲಿಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾರ್ವಜನಿಕ ಗೋಡೆ ಅಂದಗೆಡಿಸಬಾರದೆಂದು 1981ರಿಂದಲೂ ಕಾಯ್ದೆಯಿದೆ. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಊರ ತುಂಬ ಇದ್ದ ಫ್ಲೆಕ್ಸುಗಳೂ ಹೋರ್ಡಿಂಗುಗಳೂ ಕೆಳಗಿಳಿದವು. ಆದರೆ ಗೋಡೆಯ ಮೇಲೆ ನಮ್ಮನ್ನು ಅಳಿಸಿದ್ದು ಕಾಯ್ದೆಯಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದಾಗ ನಮ್ಮ ಬಾವಿಯ ಮೇಲೆ ದೊಡ್ಡ ನಟನೊಬ್ಬ ಮಚ್ಚು ಹಿಡಿದು ನಿಂತಿದ್ದ. ಅಂಚಿನಲ್ಲಿ ಹಗ್ಗದ ತುದಿ ಮಾತ್ರ ಕಾಣುತ್ತಿತ್ತು.

*

ಇದಕ್ಕೂ ಎರಡು ತಿಂಗಳು ಮುಂಚಿನ ಮಾತು. ಗಾಂಧಿನಗರದ ಕಟ್ಟಡವೊಂದರ ಮೂರನೇ ಮಹಡಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಮೆಟ್ಟಿಲು. ಬಾಗಿಲ ಮೇಲೆ ಒಣಗಿದ ಮಾವಿನ ತೋರಣ, ಒಳಗೆ ಊದುಬತ್ತಿಯ ಘಮ, ಗೋಡೆಯ ತುಂಬ ನೂರು ದಿನದ ಫಲಕಗಳು. ಹಂಚಿಕೆದಾರರು ಎಪ್ಪತ್ತರ ಆಸುಪಾಸಿನವರು. ಬಿಳಿ ಷರಟಿನ ಜೇಬಿನಲ್ಲಿ ಎರಡು ಪೆನ್ನು, ಮೇಜಿನ ಮೇಲೆ ಎರಡು ಫೋನು.

“ಹೀರೋ ಯಾರಪ್ಪ?”

“ಹೊಸಬರು ಸರ್.”

“ಹೀರೋಯಿನ್ನು?”

“ಅವರೂ ಹೊಸಬರೇ. ರಂಗಭೂಮಿಯವರು.”

“ಸಾಂಗು?”

“ಎರಡಿವೆ ಸರ್. ಹಿನ್ನೆಲೆಯಲ್ಲಿ ಬರುತ್ತವೆ.”

ಅವರು ಕಾಫಿ ಲೋಟ ಕೆಳಗಿಟ್ಟರು. “ಸಿನಿಮಾ ಚೆನ್ನಾಗೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಏನಂತ ಕೂಗಿ ಮಾರಲಿ, ಹೇಳು?”

ವ್ಯಾಪಾರದಲ್ಲಿ ಮೂರು ದಾರಿಗಳಿವೆ ಎಂದು ಅವರೇ ಬೆರಳು ಮಡಚಿ ವಿವರಿಸಿದರು. ಒಂದು, ಔಟ್‌ರೈಟ್. ಇಡೀ ಏರಿಯಾಕ್ಕೆ ಇಷ್ಟೆಂದು ಹಣ ಕೊಟ್ಟು ಕೊಂಡುಬಿಡುವುದು. ಎರಡು, ಎಂ.ಜಿ. ಇಷ್ಟು ಖಂಡಿತ ಎಂದು ಮುಂಗಡ ಕೊಟ್ಟು, ಮೇಲೆ ಬಂದದ್ದರಲ್ಲಿ ಪಾಲು. ಇವೆರಡೂ ಹೆಸರಿರುವ ನಟರಿಗೆ. ಹೊಸಬರಿಗೆ ಉಳಿಯುವುದು ಮೂರನೆಯದು, ಕಮಿಷನ್. “ಪಬ್ಲಿಸಿಟಿ ನಿಂದು, ಬಾಡಿಗೆ ನಿಂದು, ಲಾಸ್ ಆದ್ರೂ ನಿಂದೇ. ಥಿಯೇಟರ್ ಕೊಡಿಸೋದು ಮಾತ್ರ ನಂದು.”

ಏರಿಯಾ ಎಂಬ ಮಾತಿನ ಹಿಂದೆ ಬೇರೆಯೇ ಒಂದು ಕರ್ನಾಟಕವಿದೆ. ಕಂದಾಯ ಇಲಾಖೆಯ ಜಿಲ್ಲೆಗಳು ಅಲ್ಲಿಗೆ ಲೆಕ್ಕಕ್ಕಿಲ್ಲ. ಬೆಂಗಳೂರು, ಕೋಲಾರ, ತುಮಕೂರು ಸೇರಿ ‘ಬಿಕೆಟಿ’. ಮೈಸೂರು–ಮಂಡ್ಯ ಸೀಮೆ ‘ಎಂಎಂಸಿಎಚ್’. ಎಷ್ಟೋ ಜಿಲ್ಲೆಗಳು ಒಡೆದು ಹೊಸವಾದರೂ ಗಾಂಧಿನಗರದ ಬಾಯಲ್ಲಿ ಈ ಹೆಸರುಗಳು ಅಳಿದಿಲ್ಲ. ಚಿತ್ರಮಂದಿರಗಳೇ ಅಳಿಯುತ್ತಿರುವುದು ಬೇರೆ ಮಾತು. ಗಾಂಧಿನಗರದ ಕಪಾಲಿ ನೆಲಸಮವಾಗಿ ವರ್ಷಗಳಾದವು. ಇಲ್ಲಿ ಸಾಗರ್ ಇತ್ತು ಎಂದು ಹೇಳುತ್ತ ನಡೆಯುವವರಿಗೆ ಕೆಂಪೇಗೌಡ ರಸ್ತೆ ಈಗ ನೆನಪಿನ ಬೀದಿ.

ಸಣ್ಣ ಚಿತ್ರದವರು ಅಂಜುವುದು ‘ಬಾಡಿಗೆ’ ಎಂಬ ಪದಕ್ಕೆ. ಒಂಟಿ ಪರದೆಯ ಅನೇಕ ಥಿಯೇಟರುಗಳಲ್ಲಿ ವಾರಕ್ಕೆ ಇಷ್ಟೆಂದು ಬಾಡಿಗೆ ಕಟ್ಟಬೇಕು, ಜನ ಬರಲಿ ಬಿಡಲಿ. ಮಲ್ಟಿಪ್ಲೆಕ್ಸಿನಲ್ಲಿ ಹಾಗಲ್ಲ, ಬಂದದ್ದರಲ್ಲಿ ಪಾಲು. ಮೊದಲ ವಾರ ಅರ್ಧರ್ಧ. ವಾರ ಕಳೆದಂತೆ ನಿರ್ಮಾಪಕನ ಪಾಲು ಇಳಿಯುತ್ತದೆ. ಹಂಚಿಕೆದಾರರು ಹಳೆಯ ಡೈರಿಯ ಹಿಂಬದಿಯಲ್ಲಿ ನಮಗೊಂದು ಟಿಕೆಟ್ಟನ್ನು ಬಿಡಿಸಿ ತೋರಿಸಿದರು. 200 ರೂಪಾಯಿಯ ಟಿಕೆಟ್ಟು. ಅದರಲ್ಲಿ ಶೇ 18 ಜಿಎಸ್‌ಟಿಯೆಂದು ಮೂವತ್ತು ರೂಪಾಯಿ ಚಿಲ್ಲರೆ ಮೊದಲೇ ಹೋಯಿತು. ಉಳಿದ ನೂರಾ ಅರವತ್ತೊಂಬತ್ತು ಚಿಲ್ಲರೆಯಲ್ಲಿ ಅರ್ಧ ಥಿಯೇಟರಿನವರಿಗೆ. ಎಂಬತ್ತನಾಲ್ಕು ಚಿಲ್ಲರೆ ನಮ್ಮ ಕಡೆ ಬಂತು. ಅದರಲ್ಲಿ ಕಮಿಷನ್ನು ಹತ್ತು ಪರ್ಸೆಂಟ್ ಎಂದಿಟ್ಟುಕೊಂಡರೆ ಕೈಗೆ ಎಪ್ಪತ್ತಾರು. ಇನ್ನು ಪೋಸ್ಟರು, ಪೇಪರ್ ಜಾಹೀರಾತು, ಪ್ರೊಜೆಕ್ಷನ್ನಿಗೆ ಕಟ್ಟುವ ಡಿಜಿಟಲ್ ಶುಲ್ಕ ಎಲ್ಲ ಈ ಎಪ್ಪತ್ತಾರರೊಳಗೇ ಹುಟ್ಟಬೇಕು.

ಗೆಳೆಯ ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದುದು ಅವನ ತುಟಿಯ ಅಲುಗಾಟದಲ್ಲಿ ಕಾಣುತ್ತಿತ್ತು. ಖರ್ಚಾದ ಹಣವನ್ನು ಎಪ್ಪತ್ತಾರರಿಂದ ಭಾಗಿಸಿದರೆ ಒಂದು ಸಣ್ಣ ಪಟ್ಟಣದ ಜನಸಂಖ್ಯೆ ಬರುತ್ತದೆ.

“ಸಿನಿಮಾ ಮಾಡೋದಕ್ಕೆ ದುಡ್ಡು ಸಾಕು ಕಣಪ್ಪ,” ಎಂದರು ಹಿರಿಯರು. “ಬಿಡುಗಡೆಗೆ ಟೈಮು ಬೇಕು. ನೀನು ನನ್ನ ಹತ್ರ ಬಂದಿರೋದು ಥಿಯೇಟರ್ ಕೇಳೋಕಲ್ಲ, ದಿನ ಕೇಳೋಕೆ.”

ಆಗ ಅದು ನನ್ನ ಕಿವಿಗೆ ಮುದುಕರ ಮಾತಿನಂತೆ ಕೇಳಿಸಿತ್ತು.

*

ಬಿಡುಗಡೆಯ ಹಿಂದಿನ ದಿನ ‘ಕೀ’ ಎಂಬುದನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ.

ಈಗ ಸಿನಿಮಾ ಎಂದರೆ ಒಂದು ಹಾರ್ಡ್‌ಡಿಸ್ಕು. ಎಷ್ಟೋ ಕಡೆ ಅದೂ ಇಲ್ಲ, ಯುಎಫ್‌ಒ, ಕ್ಯೂಬ್‌ನಂಥ ಸಂಸ್ಥೆಗಳ ಮೂಲಕ ಕಡತ ನೇರವಾಗಿ ಥಿಯೇಟರಿನ ಸರ್ವರಿಗೆ ಹೋಗಿ ಕೂರುತ್ತದೆ. ಕೂತಿದ್ದರೂ ತೆರೆಯುವುದಿಲ್ಲ. ಅದನ್ನು ತೆರೆಯಲು ಪ್ರತಿ ಪರದೆಗೂ ಬೇರೆ ಬೇರೆ ಕೀ ಬೇಕು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆಳೆಯ ಒಂದನ್ನು ತೆರೆದು ತೋರಿಸಿದ. ಒಂದು ಫೋಟೊಕ್ಕಿಂತಲೂ ಹಗುರವಾದ ಕಡತ. ಒಳಗೆ ಉದ್ದಾನುದ್ದ ಅಕ್ಷರ ಅಂಕಿಗಳ ಗೋಜಲು. ಅದರಲ್ಲಿ ಮನುಷ್ಯರಿಗೆ ಅರ್ಥವಾಗುವುದು ಮೂರೇ ಸಂಗತಿ: ಯಾವ ಪರದೆಯ ಯಂತ್ರ, ಯಾವ ದಿನ ಯಾವ ಹೊತ್ತಿನಿಂದ, ಯಾವ ದಿನ ಯಾವ ಹೊತ್ತಿನವರೆಗೆ. ನಮ್ಮದರಲ್ಲಿ ಶುಕ್ರವಾರ ಬೆಳಿಗ್ಗೆಯಿಂದ ಗುರುವಾರ ಮಧ್ಯರಾತ್ರಿ ಎಂದಿತ್ತು. ಆ ಹೊತ್ತು ಮೀರಿದ ಮರುಕ್ಷಣ ಸಿನಿಮಾ ಸರ್ವರಿನೊಳಗೇ ಕುರುಡಾಗುತ್ತದೆ. ಜಾತಕ ಬರೆಯುವವರು ಹುಟ್ಟಿದ ಘಳಿಗೆಯನ್ನಷ್ಟೇ ಕೇಳುತ್ತಾರೆ, ಇಲ್ಲಿ ಸಾವಿನ ಘಳಿಗೆಯನ್ನೂ ಮೊದಲೇ ಬರೆದಾಗಿತ್ತು.

ರೀಲಿನ ಕಾಲದಲ್ಲಿ ಹೀಗಿರಲಿಲ್ಲ. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ರೀಲು. ಅಷ್ಟನ್ನೂ ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಬಸ್ಸಿಗೆ ಹಾಕಿ, ಜತೆಗೆ ರೆಪ್ರೆಸೆಂಟೇಟಿವ್ ಒಬ್ಬ ಹೋಗುತ್ತಿದ್ದ. ಪ್ರಿಂಟು ದುಬಾರಿ, ಹಾಗಾಗಿ ಸಣ್ಣವರು ಹಾಕಿಸುತ್ತಿದ್ದುದು ಬೆರಳೆಣಿಕೆಯಷ್ಟು. ಒಂದೇ ಪ್ರಿಂಟನ್ನು ಎರಡು ಥಿಯೇಟರು ಹಂಚಿಕೊಂಡು, ಇಲ್ಲಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ ತುಳಿದು ಅಲ್ಲಿಗೆ ಮುಟ್ಟಿಸುತ್ತಿದ್ದುದೂ ಉಂಟು. ಆ ಪ್ರಿಂಟು ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರಕ್ಕಿಳಿದು, ತಾಲ್ಲೂಕಿಗೆ ಹೋಗಿ, ಕೊನೆಗೆ ಜಾತ್ರೆಯ ಪಕ್ಕದ ಟೆಂಟಿಗೆ ಬರುವ ಹೊತ್ತಿಗೆ ಗೀರು ಬಿದ್ದು ಬಿದ್ದು, ಬೇಸಗೆಯ ದೃಶ್ಯದಲ್ಲೂ ಮಳೆ ಸುರಿಯುತ್ತಿತ್ತು. ಆದರೆ ಪ್ರಿಂಟು ತಲುಪುವ ಮೊದಲೇ ಅದರ ಸುದ್ದಿ ತಲುಪಿರುತ್ತಿತ್ತು. ‘ಬೆಂಗಳೂರಲ್ಲಿ ನೋಡ್ದೆ, ನಮ್ಮೂರಿಗೆ ಬಂದ್ರೆ ಬಿಡಬೇಡಿ’ ಎಂದು ಯಾರೋ ಹೇಳಿರುತ್ತಿದ್ದರು.

2010ರ ದಶಕದ ಆರಂಭದಲ್ಲಿ ರೀಲು ಹೋಯಿತು. ಬಡ ನಿರ್ಮಾಪಕನಿಗೆ ಪ್ರಿಂಟಿನ ಖರ್ಚು ಉಳಿಯಿತೆಂದು ಎಲ್ಲರೂ ಹಿಗ್ಗಿದರು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಶುಕ್ರವಾರ ಒಂದೇ ಹೊತ್ತಿಗೆ ತೆರೆ ಕಾಣಬಹುದು. ಕಾಣುತ್ತಲೂ ಇದ್ದೇವೆ. ಒಂದೇ ಗುರುವಾರ ಎಲ್ಲ ಕಡೆಯಿಂದ ಕಾಣೆಯಾಗುವುದೂ ಅಷ್ಟೇ ಸಲೀಸಾಯಿತು. ಪ್ರಿಂಟಿಗೆ ಕೊಡುತ್ತಿದ್ದ ಹಣ ಉಳಿಯಿತು, ಪ್ರಿಂಟು ನಮಗೆ ಕೊಡುತ್ತಿದ್ದ ತಿಂಗಳುಗಳು ಕಳೆದವು.

*

ಶುಕ್ರವಾರ ಬೆಳಗಿನ ಆಟ. ಥಿಯೇಟರಿನ ಮುಂದೆ ಬಾಳೆಕಂದು, ಮಾವಿನ ಸೊಪ್ಪು. ಗೆಳೆಯನ ತಾಯಿ ಊರಿನಿಂದ ಟಿಟಿ ಮಾಡಿಕೊಂಡು ಬಂದಿದ್ದರು. ಜತೆಗೆ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯ ಮೇಷ್ಟ್ರು ದಂಪತಿ. ಅಮ್ಮ ಗೇಟಿನ ಬಳಿ ಕುಂಬಳಕಾಯಿ ಒಡೆಸಿ, ಟಿಕೆಟ್ ಹರಿಯುವವನ ಕೈಗೂ ಪ್ರಸಾದ ಹಾಕಿದರು.

ಒಳಗೆ ಮೂವತ್ತೊಂದು ಜನ. ಅದರಲ್ಲಿ ಹತ್ತೊಂಬತ್ತು ಮಂದಿ ನೆಂಟರು. ಉಳಿದ ಹನ್ನೆರಡು ಜನರೇ ನಮ್ಮ ಮಾರುಕಟ್ಟೆ.

ಕತ್ತಲಲ್ಲಿ ಅವರನ್ನೇ ನೋಡುತ್ತ ಕೂತೆ. ನಿವೃತ್ತರೊಬ್ಬರು, ಕೈಚೀಲದ ಸಮೇತ, ಬಿಡುಗಡೆಯಾದ ಕನ್ನಡ ಸಿನಿಮಾವನ್ನೆಲ್ಲ ನೋಡುವವರಂತೆ ನಿರಾಳವಾಗಿ. ಕಾಲೇಜು ಜೋಡಿಯೊಂದು ಕೊನೆಯ ಸಾಲಿನಲ್ಲಿ, ಪರದೆಯ ಹಂಗಿಲ್ಲದೆ. ಯೂಟ್ಯೂಬಿಗೆ ವಿಮರ್ಶೆ ಮಾಡುವ ಹುಡುಗ, ಮಡಿಲಲ್ಲಿ ಮೈಕು. ಡೆಲಿವರಿ ಬ್ಯಾಗನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ ಯುವಕ. ತಮ್ಮ ಬಾವಿಗಿಳಿದು, ಮೇಲೆ ಹಗ್ಗ ಹಿಡಿದ ಅಣ್ಣ ಮುನಿಸಿಕೊಂಡು ಮಾತು ನಿಲ್ಲಿಸುವ ದೃಶ್ಯ ಬಂತು. ನಾನು ಬರೆದ ಸಂಭಾಷಣೆಯಲ್ಲಿ ಅದೊಂದು ಕಡೆ ಪುಟಗಟ್ಟಲೆ ಖಾಲಿ. ಡೆಲಿವರಿ ಯುವಕ ಫೋನು ಕವುಚಿಟ್ಟ. ಕೊನೆಯ ಸಾಲಿನ ಜೋಡಿ ತಲೆಯೆತ್ತಿತು. ಅಷ್ಟು ಸಾಕಾಗಿತ್ತು ನನಗೆ. ಹೊರಗೆ ಬಂದು ಗೆಳೆಯನ ಭುಜ ಹಿಡಿದು, “ಹನ್ನೆರಡಕ್ಕೆ ಹನ್ನೆರಡೂ ಪಾಸು,” ಎಂದೆ.

“ಅವರು ಇನ್ನು ಹನ್ನೆರಡು ಜನಕ್ಕೆ ಹೇಳೋದು ಯಾವಾಗ?” ಎಂದ.

ಅದೇ ಪ್ರಶ್ನೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತವೆ. ಒಂದೊಂದು ಶುಕ್ರವಾರ ಎಂಟು ಹತ್ತು ಒಟ್ಟಿಗೇ. ಇವುಗಳ ನಡುವೆ ತೆಲುಗು, ತಮಿಳು, ಹಿಂದಿ, ಇಂಗ್ಲಿಷ್. ಮುಂದಿನ ವಾರ ಯಾವ ಪರದೆಗೆ ಯಾವ ಚಿತ್ರ ಎಂದು ಮಲ್ಟಿಪ್ಲೆಕ್ಸಿನವರು ಕೂತು ಬರೆಯುವಾಗ ಅವರ ಮುಂದಿರುವುದು ಶುಕ್ರವಾರದಿಂದ ಸೋಮವಾರದವರೆಗಿನ ಲೆಕ್ಕ. ನಾಲ್ಕು ದಿನ. ಶುಕ್ರವಾರ ನೋಡಿದವನು ಶನಿವಾರ ಆಫೀಸಿನ ಗೆಳೆಯನಿಗೆ ಹೇಳಿ, ಆತ ಮನೆಯಲ್ಲಿ ಮಾತಾಡಿ, ಮುಂದಿನ ಭಾನುವಾರಕ್ಕೆ ನಾಲ್ಕು ಟಿಕೆಟ್ ಬುಕ್ ಮಾಡೋಣವೆಂದು ಫೋನು ತೆರೆದರೆ ಆಟವೇ ಇರುವುದಿಲ್ಲ. ಬಾಯಿಮಾತು ನಡೆದೇ ಬರುವಂಥದ್ದು. ಓಡಿಬರಲು ಅದಕ್ಕೆ ಕಾಲಿಲ್ಲ.

ಸೋಮವಾರ ಸಂಜೆಗೆ ನಮ್ಮ ಆಟಗಳು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೂ ರಾತ್ರಿ ಹತ್ತೂವರೆಗೂ ಸರಿದವು. ಒಂದು ಟಿಕೆಟ್ಟೂ ಹೋಗದ ಆಟ ರದ್ದು. ಫೋನುಗಳು ಬರತೊಡಗಿದ್ದೇ ಆಗ. “ತುಂಬಾ ಚೆನ್ನಾಗಿದೆಯಂತೆ ಸಾರ್, ನಮ್ಮೂರಲ್ಲಿ ಎಲ್ಲಿ ಹಾಕಿದ್ದೀರಿ?” ಎಂದವರು ಹತ್ತಾದರೆ, “ಒಟಿಟಿಗೆ ಯಾವಾಗ ಬರುತ್ತೆ?” ಎಂದವರು ಐವತ್ತು. ಒಟಿಟಿಯವರ ಬಾಗಿಲು ಕನ್ನಡದ ಸಣ್ಣ ಚಿತ್ರಗಳಿಗೆ ಎಷ್ಟು ತೆರೆದಿದೆ ಎಂಬುದನ್ನು ಅವರಿಗೆಲ್ಲ ವಿವರಿಸುವುದು ಹೇಗೆ? ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕರೇ ‘ಏಕಂ’ ವೆಬ್ ಸರಣಿಗೆ ಕೊಳ್ಳುವವರು ಸಿಗದೆ 2024ರಲ್ಲಿ ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು.

*

ಗೆದ್ದ ಸಣ್ಣ ಚಿತ್ರಗಳನ್ನು ಕತೆಗಾಗಿ, ಹಾಡಿಗಾಗಿ ಹೊಗಳುವುದುಂಟು. ಆ ವಾರ ನಾನು ಅವನ್ನೆಲ್ಲ ಕ್ಯಾಲೆಂಡರಿನ ಕಣ್ಣಿನಿಂದ ನೋಡತೊಡಗಿದೆ.

‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ಗಣೇಶ್ ಆಗಿನ್ನೂ ಸ್ಟಾರ್ ಅಲ್ಲ. ಮಲ್ಟಿಪ್ಲೆಕ್ಸಿನಲ್ಲೇ ಅದು ವರ್ಷ ದಾಟಿ ಓಡಿತು. ಆ ವರ್ಷದಲ್ಲಿ ಒಬ್ಬನೇ ಪ್ರೇಕ್ಷಕ ಮೊದಲು ಗೆಳೆಯರೊಂದಿಗೆ, ಆಮೇಲೆ ಹುಡುಗಿಯೊಂದಿಗೆ, ಕೊನೆಗೆ ಮನೆಮಂದಿಯೊಂದಿಗೆ ಬರುವಷ್ಟು ವ್ಯವಧಾನವಿತ್ತು.

‘ರಂಗಿತರಂಗ’ 2015ರ ಜುಲೈ 3ರಂದು ಬಂತು. ಒಂದೇ ವಾರಕ್ಕೆ, ಜುಲೈ 10ಕ್ಕೆ, ‘ಬಾಹುಬಲಿ’ ಬಂತು. ಜನ ತುಂಬುತ್ತಿದ್ದರೂ ಆಟಗಳು ಕಡಿತಗೊಂಡವು. ಪ್ರೇಕ್ಷಕರೇ ಸಾಮಾಜಿಕ ಜಾಲತಾಣಗಳಲ್ಲಿ ಜಗಳಕ್ಕೆ ನಿಂತರು. ಆ ಜಗಳ ಎರಡನೇ ವಾರಕ್ಕಾಗಿ. ಅದು ದಕ್ಕಿತು, ಚಿತ್ರ ಉಳಿಯಿತು.

ಕೆಲವರು ಶುಕ್ರವಾರಕ್ಕೆ ಕಾಯದೆ ಅದರ ಹಿಂದಿನ ದಿನಗಳನ್ನೇ ದುಡಿಸಿಕೊಂಡರು. ಪವನ್ ಕುಮಾರ್ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದ್ದು ಎಲ್ಲರಿಗೂ ಗೊತ್ತು. ದುಡ್ಡಿನ ಜತೆಗೇ ಅವರು ಕೂಡಿಸಿದ್ದು ಆ ನೂರು ಬಾಯಿಗಳನ್ನು. 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ಇಲ್ಲಿ ಬಿಡುಗಡೆ ಸೆಪ್ಟೆಂಬರ್ 6ಕ್ಕೆ. ಶುಕ್ರವಾರ ಬರುವ ಹೊತ್ತಿಗೆ ಮಾತು ಒಂದೂವರೆ ವರ್ಷ ಮುಂಚೆಯೇ ಹೊರಟಾಗಿತ್ತು. 2023ರ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಕೈಯಿಂದ ಹಾಕಿದರು. ಅಲ್ಲಿ ಮಾತು ಹೊರಟದ್ದು ಪುಸ್ತಕದ ಕಪಾಟಿನಿಂದ, ದಶಕಗಳ ಹಿಂದೆ.

ಇತ್ತೀಚಿನದು ‘ಸು ಫ್ರಮ್ ಸೋ’. ಜೆ.ಪಿ. ತೂಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿಯವರ ನಿರ್ಮಾಣ, 2025ರ ಜುಲೈ 25ರ ಬಿಡುಗಡೆ. ಅದಕ್ಕೂ ಮುಂಚೆಯೇ ಬೆಂಗಳೂರಿನಾಚೆಯ ಊರುಗಳಲ್ಲೂ ಟಿಕೆಟ್ ಇಟ್ಟು ಪೇಯ್ಡ್ ಪ್ರೀಮಿಯರ್ ಮಾಡಿದರು. ಅಬ್ಬರದ ಪ್ರಚಾರವಿಲ್ಲದೆ ಬಂದ ಚಿತ್ರ ವಾರಾಂತ್ಯ ಮುಗಿಯುವುದರೊಳಗೆ ನಸುಕಿನ ಆಟಗಳನ್ನು ಹಾಕಿಸುವಷ್ಟು ಬೆಳೆಯಿತು. ಪ್ರೀಮಿಯರ್ ಎಂದರೆ ಪ್ರತಿಷ್ಠೆಯ ಕಾರ್ಯಕ್ರಮ ಎಂದುಕೊಂಡಿದ್ದೆ. ಶುಕ್ರವಾರ ಹೊರಡಬೇಕಾದ ಮಾತನ್ನು ಸೋಮವಾರವೇ ಬಸ್ಸು ಹತ್ತಿಸುವ ಉಪಾಯ ಅದು. ನಮ್ಮ ಸಿನಿಮಾಕ್ಕೂ ಹಾಗೊಂದು ಪ್ರೀಮಿಯರ್ ಮಾಡಬಹುದಿತ್ತು. ಆ ಹಣದಲ್ಲಿ ನಾವು ಪತ್ರಿಕೆಯಲ್ಲಿ ಕಾಲು ಪುಟದ ಬಾವಿ ಮುದ್ರಿಸಿದ್ದೆವು.

*

ಗುರುವಾರ ಸಂಜೆ ಏಳು. ಮತ್ತೆ ಮೂರನೇ ಮಹಡಿ. ಹಂಚಿಕೆದಾರರು ದಿನದ ಕಲೆಕ್ಷನ್ ಹಾಳೆಗಳನ್ನು ಒಂದೊಂದಾಗಿ ನಮ್ಮ ಕಡೆ ಸರಿಸಿದರು. ಬೆಂಗಳೂರು ಮುಗಿಯಿತು. ಮೈಸೂರು ಮುಗಿಯಿತು. ಹುಬ್ಬಳ್ಳಿ ಮಂಗಳವಾರವೇ ಮುಗಿದಿತ್ತು. ಕಾಫಿ ಬಂತು, ಯಾರೂ ಮುಟ್ಟಲಿಲ್ಲ.

ಎರಡು ಫೋನುಗಳಲ್ಲಿ ಹಳೆಯದು ಬಾರಿಸಿತು. ಹಿರಿಯರು ಕಿವಿಗಿಟ್ಟು, ಎರಡು ಸಲ ಹೂಂ ಎಂದು, ನಮ್ಮ ಮುಖ ನೋಡಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. ತುಮಕೂರಿನಾಚೆಯ ತಾಲ್ಲೂಕು ಊರೊಂದರ ಟಾಕೀಸು. ಆ ಕಡೆ ಮ್ಯಾನೇಜರು.

“ಅಣ್ಣ, ಆ ಬಾವಿ ಪಿಚ್ಚರ್ ನಾಳೆ ತೆಗೀಬೇಡಿ. ಶುಕ್ರವಾರ ಹದಿನೆಂಟೇ ಜನ ಬಂದಿದ್ದು. ನಿನ್ನೆ ಫಸ್ಟ್ ಶೋಗೆ ಅರವತ್ತೊಂದು.”

“ಅದೆಂಗಯ್ಯಾ?”

“ಇಲ್ಲಿ ಬಾವಿ ಕೆಲಸದೋರು ಅವ್ರೆ ಅಣ್ಣ, ಹಳ್ಳಿಗಳ ಕಡೆ. ಸಂತೆಗೆ ಬಂದೋರು ಗೋಡೆ ಮೇಲೆ ಪೋಸ್ಟರ್ ನೋಡಿ ನಿಂತ್ಕಂಡ್ರು. ಇದು ನಮ್ ಹಗ್ಗದ ಗಂಟು ಕಣ್ರೋ ಅಂತ. ಇಬ್ರು ಬಂದು ನೋಡ್ಕಂಡೋದ್ರು. ನಿನ್ನೆ ಟ್ರಾಕ್ಟರ್ ಮಾಡ್ಕಂಡು ಹೆಂಡ್ತಿ ಮಕ್ಕಳ ಸಮೇತ ಬಂದವ್ರೆ. ಭಾನುವಾರ ಇನ್ನೊಂದು ಊರೋರು ಬತ್ತೀವಿ ಅಂದವ್ರೆ.”

ಗೆಳೆಯ ನನ್ನ ಮೊಣಕೈ ಹಿಡಿದ. ಆ ಹಗ್ಗದ ಗಂಟನ್ನು ಸರಿಯಾಗಿ ಹಾಕಿಸಲು ಚಿತ್ರೀಕರಣದಲ್ಲಿ ಅರ್ಧ ದಿನ ಕಳೆದಿದ್ದಕ್ಕೆ ಆಗ ಎಲ್ಲರೂ ಅವನನ್ನು ಬೈದಿದ್ದರು.

“ಕೀ ಇವತ್ತು ಮಧ್ಯರಾತ್ರಿಗೆ ಮುಗಿಯುತ್ತೆ,” ಎಂದರು ಹಿರಿಯರು, ಗಡಿಯಾರ ನೋಡುತ್ತ. “ಒಂದೇ ಸ್ಕ್ರೀನು. ಮತ್ತೆ ಚಾರ್ಜು ಕಟ್ಟಬೇಕು. ಖರ್ಚು ಕಳೆದು ಏನೂ ಉಳಿಯಲ್ಲ, ಮೊದಲೇ ಹೇಳಿರ್ತೀನಿ.”

“ಕಟ್ತೀನಿ ಸರ್.”

ಡಿಜಿಟಲ್ ಕಂಪನಿಗೆ ಮಿಂಚಂಚೆ ಬರೆದವನು ನಾನು. ಸರ್ವರಿನ ಸಂಖ್ಯೆ ಹಾಕಿದೆ. ಇವತ್ತು ರಾತ್ರಿಯಿಂದಲೇ ಎಂದು ಬರೆದು, ಎಲ್ಲಿಯವರೆಗೆ ಎಂಬ ಕಡೆ ಕೈ ನಿಂತಿತು. ಹಿರಿಯರು ಕನ್ನಡಕದ ಮೇಲಿನಿಂದ ನೋಡಿ, “ಒಂದೊಂದೇ ವಾರ ಕೇಳಬೇಕು,” ಎಂದರು. ಮುಂದಿನ ಗುರುವಾರ ಎಂದು ತುಂಬಿಸಿದೆ.

ಹನ್ನೊಂದೂ ಮುಕ್ಕಾಲಿಗೆ ನಾವಿನ್ನೂ ಕೆಳಗೆ ಫುಟ್‌ಪಾತಿನ ಮೇಲೇ ಇದ್ದೆವು. ಎದುರು ಗೋಡೆಯ ಬಳಿ ಟಿವಿಎಸ್ ಎಕ್ಸೆಲ್ ಬಂದು ನಿಂತಿತು. ಮಚ್ಚು ಹಿಡಿದ ನಟನ ಮೇಲೆ ಪೊರಕೆ ಆಡತೊಡಗಿತು. ಗೆಳೆಯನ ಫೋನು ಮಿನುಗಿತು. ಟಾಕೀಸಿನ ಮ್ಯಾನೇಜರು.

“ಬಂತು ಸಾರ್. ಹಾಕಿ ನೋಡ್ದೆ, ಓಪನ್ ಆಯ್ತು. ನಾಳೆ ನಾಲ್ಕು ಆಟ.”